ಎರ್ರಮ್ಮನ ಬಲಗೈ

ನನ್ನ ಅಕ್ಕ ಎರ್ರಮ್ಮನಿಗೆ ಲಕ್ವ ಹೊಡೆದ ಮೇಲೆ ಅವಳನ್ನು ನೋಡಲು ಬಂದವರೆಲ್ಲ ಹೊಸ್ತಿಲಲ್ಲೇ ಸೆರಗನ್ನು ಬಾಯಿಗೆ ಒತ್ತಿಕೊಂಡು, ಎಂಥಾ ಕೈ ಹೀಗಾಯಿತಲ್ಲ ಎಂದು ಅಳುತ್ತಿದ್ದರು. ಅತ್ತು, ಕಾಫಿ ಕುಡಿದು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಹೋಗುತ್ತಿದ್ದರು. ಆ ಕೈಯನ್ನು ಒಂದು ಸಲ ಎತ್ತಿ ನೋಡೋಣ, ಬೆರಳು ಬಿಡಿಸಿ ನೋಡೋಣ ಎಂದು ಒಬ್ಬರಿಗೂ ತೋಚಲಿಲ್ಲ. ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಲಕ್ವ ಅವಳ ಬಲಗೈಯ ಅರ್ಧ ಶಕ್ತಿಯನ್ನು ತೆಗೆದುಕೊಂಡಿತು, ಒಪ್ಪುತ್ತೇನೆ. ಉಳಿದರ್ಧವನ್ನು ತೆಗೆಯಲು ಹೊರಟದ್ದು ಮನೆಯವರ ಪ್ರೀತಿ. ಲಕ್ವಕ್ಕೆ ಬೈದರೆ ಅದಕ್ಕೆ ಕೇಳಿಸುವುದಿಲ್ಲ. ಮನೆಯವರಿಗೆ ಕೇಳಿಸುತ್ತದೆ, ಅದಕ್ಕೇ ಅವರಿಗೆ ಬೈಯುತ್ತೇನೆ. ನನ್ನ ಬಾಯಿ ಎಂಥದ್ದು ಎಂದು ಚಳ್ಳಕೆರೆಯ ಎಪಿಎಂಸಿ ಯಾರ್ಡಿನ ಹಮಾಲರನ್ನು ಕೇಳಿ, ಹೇಳುತ್ತಾರೆ. ಯಾರ್ಡಿನ ಎದುರಿಗೇ ನನ್ನದೊಂದು ಸಣ್ಣ ಹೋಟೆಲ್. ಮುದ್ದೆ, ಅನ್ನ, ಸಾರು. ಶೇಂಗಾ ಮೂಟೆ ಹೊತ್ತು ಬಂದವರು ಪುಷ್ಪಕ್ಕ ಎಂದು ಕೂಗುತ್ತಾ ಒಳಗೆ ಬರುತ್ತಾರೆ, ಬೈಸಿಕೊಂಡು ಉಣ್ಣುತ್ತಾರೆ, ಮರುದಿನ ಮತ್ತೆ ಬರುತ್ತಾರೆ.

ನಮ್ಮ ತವರು ಮೊಳಕಾಲ್ಮೂರು. ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಎರಡಕ್ಕೂ ನಡುವೆ ಮಗ್ಗದ ಸದ್ದು. ನಮ್ಮ ಜನದಲ್ಲಿ ಗಂಡಸರು ಮಗ್ಗಕ್ಕೆ ಇಳಿಯುತ್ತಾರೆ, ಹೆಂಗಸರು ಪಕ್ಕದಲ್ಲಿ ಕೂತು ನೂಲು ಸುತ್ತಿಕೊಡುತ್ತಾರೆ. ನಮ್ಮಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಅವನು ಲೋಕದ ಮಾತಿಗೆ ಸೊಪ್ಪು ಹಾಕದೆ ಎರ್ರಮ್ಮನನ್ನೇ ಗುಂಡಿಗೆ ಇಳಿಸಿದ. ಗುಂಡಿ ಎಂದರೆ ನೇಯುವವರು ನೆಲದ ಮೇಲೆ ಕೂತು ಕಾಲು ಇಳಿಬಿಡುವ ಕುಣಿ. ಅದರೊಳಗಿನ ತುಳಿಯುವ ಹಲಗೆಗಳನ್ನು ಕಾಲಿನಿಂದ ಒತ್ತುತ್ತಾ, ಮೇಲೆ ಅಡ್ಡ ನೂಲು ದಾಟಿಸುವ ಲಾಳಿ ಎಸೆಯಬೇಕು. ಅವಳು ಬಲಗೈಯಿಂದ ಎಸೆದ ಲಾಳಿ ರೇಷ್ಮೆ ಎಳೆಗಳ ನಡುವೆ ಹೋಗುವುದು ಕಣ್ಣಿಗೆ ಕಾಣುತ್ತಿರಲಿಲ್ಲ. ನಾನೂ ಕಲಿಯಲು ಕೂತೆ. ಎಳೆ ಹರಿದು, ಅಪ್ಪನ ಕೈಯಲ್ಲಿ ಬೈಸಿಕೊಂಡು, ಮುದ್ದೆ ತಿರುವುವುದೇ ವಾಸಿ ಎಂದು ಎದ್ದುಬಂದೆ.

ದೇವೇಂದ್ರ ಭಾವ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಕೆಲಸ ಸುಲಭವಿತ್ತು. ಮದುವೆಯಾದ ಹೊಸತರಲ್ಲಿ ಅವರು ರೇಷ್ಮೆಯ ಒಂದು ಎಳೆ ತಂದು, ಅಕ್ಕನ ಮೊಣಕಾಲಿನಿಂದ ಅಂಗಾಲಿನವರೆಗೆ ಹಿಡಿದು ಅಳೆದು, ಆ ಅಳತೆಗೆ ತಮ್ಮ ಮನೆಯಲ್ಲಿ ಗುಂಡಿ ತೋಡಿದರು. ಕೇರಿಯೇ ನಕ್ಕಿತು. ಹೆಂಡತಿ ನಡುವೆ ಕೂತು ಸೀರೆಯ ಒಡಲು ನೇಯುತ್ತಾಳಂತೆ, ಗಂಡ ಪಕ್ಕದಲ್ಲಿ ಕೂತು ಅಂಚಿನ ಲಾಳಿ ದಾಟಿಸುತ್ತಾನಂತೆ! ನಮ್ಮ ಮೊಳಕಾಲ್ಮೂರಿನ ಸೀರೆಗೆ ಅಂಚನ್ನು ಬೇರೆ ಲಾಳಿಯಲ್ಲಿ ನೇದು ಒಡಲಿಗೆ ಕೂಡಿಸಬೇಕು, ಇಬ್ಬರ ಕೈ ಒಂದೇ ಹೊತ್ತಿಗೆ ನಡೆಯಬೇಕು. ಇವರಿಬ್ಬರ ಕೈ ನಡೆಯಿತು. ನಕ್ಕವರೇ ತಮ್ಮ ಮಗಳ ಮದುವೆಗೆ ಎರ್ರಮ್ಮ ನೇದ ಸೀರೆ ಬೇಕು ಎಂದು ಬಂದು ನಿಂತರು.

ಹೋದ ವರ್ಷ ಮಳೆಗಾಲದ ಒಂದು ಬೆಳಿಗ್ಗೆ ಅವಳ ಕೈಯಿಂದ ಲಾಳಿ ಜಾರಿತು. ಕೈ ಜೋಮು ಹಿಡಿದಿದೆ ಎಂದುಕೊಂಡು ಮತ್ತೆ ಎತ್ತಿಕೊಳ್ಳಲು ಹೋದಳಂತೆ, ಕೈ ಹೋಗಲಿಲ್ಲ. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಆಂಬುಲೆನ್ಸಿನಲ್ಲಿ ಚಳ್ಳಕೆರೆಗೆ ತಂದರು. ಆಸ್ಪತ್ರೆಯಲ್ಲಿ ಜೀವ ಉಳಿಯಿತು, ಬಾಯಿ ನೆಟ್ಟಗಾಯಿತು, ಕಾಲು ಎಳೆದುಕೊಂಡಾದರೂ ನಡೆಯುವಂತಾಯಿತು. ಕೈ ಮಾತ್ರ ಮುಷ್ಟಿ ಕಟ್ಟಿಕೊಂಡು ಎದೆಗೆ ಅಂಟಿಕೂತಿತು. ಮನೆಗೆ ಕಳಿಸುವಾಗ ಡಾಕ್ಟರು, ಬಿಪಿ ಮಾತ್ರೆ ತಪ್ಪಿಸಬೇಡಿ, ಕೈಗೆ ವ್ಯಾಯಾಮ ಮಾಡಿಸಿ, ಇನ್ನು ಅದೇ ಔಷಧಿ ಎಂದರು. ಭಾವನೂ ಅವರ ಅಣ್ಣ ಓಬಳಪ್ಪನವರೂ ತಲೆಯಾಡಿಸಿದರು. ತಲೆಯಾಡಿಸುವುದಕ್ಕೆ ಏನು, ಕೋಲೆಬಸವನೂ ಆಡಿಸುತ್ತಾನೆ.

ನಾನು ಮೊಳಕಾಲ್ಮೂರಿಗೆ ಹೋಗಿ ನೋಡುವ ಹೊತ್ತಿಗೆ ಅಕ್ಕನನ್ನು ಗೋಡೆಗೆ ಒರಗಿಸಿ ದಿಂಬುಗಳ ನಡುವೆ ಕೂರಿಸಿದ್ದರು. ಓಬಳಪ್ಪನವರು ಎಲ್ಲಿಂದಲೋ ಪಾರಿವಾಳ ತರಿಸಿ, ಅದರ ರಕ್ತವನ್ನು ತೋಳಿಗೆ ಹಚ್ಚಿಸಿ, ಮೇಲೆ ಕಂಬಳಿಯ ತುಂಡು ಸುತ್ತಿಸಿದ್ದರು. ಗಾಳಿ ಸೋಕಬಾರದಂತೆ, ಕೈ ಅಲುಗಬಾರದಂತೆ. ಊಟದ ಹೊತ್ತಿಗೆ ಭಾವ ಗಂಗಾಳ ತಂದು ತುತ್ತು ಮಾಡಿ ತಿನ್ನಿಸಿದರು. ಅಕ್ಕ ಎಡಗೈ ಮುಂದೆ ಮಾಡಿದಾಗ ಓಬಳಪ್ಪನವರು, ಎಡಗೈಲಿ ಅನ್ನ ಮುಟ್ಟಬಾರದಮ್ಮ ಎಂದರು. ನನಗೆ ಪಿತ್ತ ನೆತ್ತಿಗೇರಿತು. ಎಡಗೈಯಲ್ಲಿ ಉಣ್ಣಬಾರದು, ಬಲಗೈ ಎತ್ತಬಾರದು, ಹಾಗಾದರೆ ಇವಳು ದನದ ಹಾಗೆ ಗಂಗಾಳಕ್ಕೆ ಬಾಯಿ ಹಾಕಬೇಕಾ ಎಂದು ಕೇಳಿದೆ. ದೊಡ್ಡವರ ಎದುರು ಮಾತಾಡಿದೆ ಎಂದು ಎಲ್ಲರೂ ಮುಖ ಊದಿಸಿದರು.

ಈ ಹೆಂಗಸು ಬುದ್ಧಿ ತಿಳಿದಾಗಿನಿಂದ ದುಡಿದವಳು. ಜ್ವರ ಬಂದಾಗ ನೇದಳು, ಬಸುರಿಯಾಗಿದ್ದಾಗ ನೇದಳು, ಹೆತ್ತ ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟು ಬಂದು ಮತ್ತೆ ನೇದಳು. ಆಗ ಆ ಕೈಗೆ ಬಿಡುವು ಕೊಡೋಣ ಎಂದು ಯಾರಿಗೂ ಅನ್ನಿಸಿರಲಿಲ್ಲ. ಕೈ ಕೆಲಸ ಬೇಡುವ ಹೊತ್ತು ಬಂದಾಗ ಸರಿಯಾಗಿ ಎಲ್ಲರೂ ಸೇರಿ ರಜೆ ಕೊಟ್ಟರು! ಕರುಣೆಯಂತೆ. ಇಂಥ ಕರುಣೆಗೆ ಬೆಂಕಿ ಬೀಳಲಿ.

ಎಲ್ಲರೂ ಎದ್ದು ಹೋದ ಮೇಲೆ ನಾನು ಆ ಕಂಬಳಿ ಬಿಚ್ಚಿದೆ. ತೋಳು ನಾರುತ್ತಿತ್ತು. ಬಿಸಿನೀರಲ್ಲಿ ತೊಳೆದು ಅವಳ ಮುಷ್ಟಿಯ ಮೇಲೆ ನನ್ನ ಕೈ ಇಟ್ಟು, ಏನು ಮಾಡೋಣ ಅಕ್ಕ ಎಂದೆ. ಅವಳ ಮಾತು ಇನ್ನೂ ತೊದಲುತ್ತಿತ್ತು. "ನಾ ಚೆಯ್ಯಿ ನಾಕು ಕಾವಾಲ" ಎಂದಳು. ನನ್ನ ಕೈ ನನಗೆ ಬೇಕು ಎಂದು. ಅಷ್ಟು ದಿನದಲ್ಲಿ ಅವಳನ್ನು ಹಾಗೆ ಕೇಳಿದವರೇ ಇರಲಿಲ್ಲ.

ವ್ಯಾಯಾಮ ಮಾಡಿಸುವವರು ಇರುವುದು ಚಳ್ಳಕೆರೆಯ ಆಸ್ಪತ್ರೆಯಲ್ಲಿ. ಲಕ್ವ ಹೊಡೆದವಳು ದಿನವೂ ಮೊಳಕಾಲ್ಮೂರಿನಿಂದ ಬಸ್ಸು ಹತ್ತಿ ಇಳಿದು ಮಾಡುವುದು ಆಗುವ ಮಾತೇ? ನನ್ನ ಮನೆಗೇ ಕರೆದುಕೊಂಡು ಹೋಗುತ್ತೇನೆ ಎಂದೆ. ಭಾವ ಬಸ್ ಸ್ಟ್ಯಾಂಡಿನವರೆಗೆ ಬಂದು ಕಿಟಕಿಯಲ್ಲಿ ಕೈಹಾಕಿ ಅವಳ ಸೆರಗು ಸರಿ ಮಾಡಿ, ದಣಿಸಬೇಡ ಎಂದು ನನಗೆ ಹೇಳಿದರು.

ಫಿಸಿಯೋಥೆರಪಿಯ ಹುಡುಗಿ ಶಿಲ್ಪ. ಸಣ್ಣಗೆ ಮಾತಾಡುತ್ತಾಳೆ, ಆದರೆ ಹೇಳಿದ್ದನ್ನು ಮಾಡಿಸದೆ ಬಿಡುವವಳಲ್ಲ. ಮೊದಲು ಭುಜ ಎಳೆಯಬಾರದು ಎಂದು ನನಗೆ ಎಚ್ಚರಿಕೆ ಕೊಟ್ಟಳು. ಆಮೇಲೆ ಅಕ್ಕನ ಮುಷ್ಟಿಯನ್ನು ನಿಧಾನವಾಗಿ ಬಿಡಿಸಿ, ಬೆರಳು ತಾವಾಗಿ ಎಷ್ಟು ಅಲುಗುತ್ತವೆ ಎಂದು ನೋಡಿದಳು. ತೋರುಬೆರಳೂ ನಡುಬೆರಳೂ ಚೂರು ಅಲುಗಿದವು. ಅಕ್ಕ ನೇರವಾಗಿ ಕೇಳಿಯೇಬಿಟ್ಟಳು, ಮತ್ತೆ ಲಾಳಿ ಎಸೆಯುತ್ತೀನಾ ಎಂದು.

"ಎಸೀತೀರಿ ಅಂತ ನಾನು ಹೇಳಲ್ಲಮ್ಮ" ಎಂದಳು ಶಿಲ್ಪ. "ಕೈ ಸುಮ್ನೆ ಇಟ್ರೆ ಎಸೆಯಲ್ಲ, ಅಷ್ಟು ಮಾತ್ರ ನಂಗೆ ಗೊತ್ತು."

ಅಕ್ಕನಿಗೆ ಆ ಹುಡುಗಿ ಹಿಡಿಸಿದ್ದು ಆ ಮಾತಿಗೇ. ಹಿಸುಕಲು ರಬ್ಬರ್ ಚೆಂಡು ಕೊಟ್ಟಾಗ ಮಾತ್ರ, ನಾನೇನು ಕೂಸಾ ಎಂದು ಪಕ್ಕಕ್ಕಿಟ್ಟಳು. ಶಿಲ್ಪ ಬೇಸರ ಮಾಡಿಕೊಳ್ಳಲಿಲ್ಲ. ನಿಮ್ಮ ಮನೆಯಲ್ಲಿ ಏನೇನು ಕೆಲಸ ಇದೆ ಎಂದು ನನ್ನನ್ನು ಕೇಳಿದಳು. ಹೋಟೆಲ್ ಎಂದೆ. ಹಾಗಾದರೆ ಒಳ್ಳೆಯದೇ ಆಯಿತು ಎಂದಳು. ಬೆಂಚಿನ ಮೇಲೆ ಕೂತು, ಬಲಗೈ ಕೆಳಗೆ ಬಟ್ಟೆ ಇಟ್ಟು, ಟೇಬಲ್ಲನ್ನು ಮುಂದಕ್ಕೂ ಹಿಂದಕ್ಕೂ ಒರೆಸಬೇಕು. ತಟ್ಟೆಯಿಂದ ಶೇಂಗಾ ಒಂದೊಂದೇ ಹಿಡಿದು ಡಬ್ಬಿಗೆ ಬಿಡಬೇಕು. ಎಡಗೈ ಸುಮ್ಮನಿರುವುದಿಲ್ಲ, ಬಲಗೈ ಕೆಲಸವನ್ನೆಲ್ಲ ತಾನೇ ಮಾಡಲು ಓಡಿಬರುತ್ತದೆ. ಅದಕ್ಕೆ ಕೂತು ಮಾಡುವಾಗ ಎಡಗೈಯನ್ನು ಮೆತ್ತನೆ ಬಟ್ಟೆಯಿಂದ ಸೊಂಟಕ್ಕೆ ಕಟ್ಟಬೇಕು. ನಡೆಯುವಾಗ ಬಿಚ್ಚಲೇಬೇಕು, ಬಿದ್ದರೆ ಊರಿಕೊಳ್ಳಲು ಬೇಕಲ್ಲ.

ಸುಲಭ ಎಂದುಕೊಂಡಿರಾ? ಶೇಂಗಾ ಹಿಡಿಯುವುದು ಹೇಗೋ ಬಂತು, ಬಿಡುವುದೇ ಬರಲಿಲ್ಲ. ಡಬ್ಬಿಯ ಮೇಲೆ ಕೈ ತಂದು ನಿಲ್ಲಿಸಿ, ಹಣೆಯಲ್ಲಿ ಬೆವರು ಹರಿಸಿಕೊಂಡು, ಬಿಡು ಬಿಡು ಎಂದು ತನ್ನ ಬೆರಳಿಗೆ ತಾನೇ ತೆಲುಗಿನಲ್ಲಿ ಬೈಯುತ್ತಿದ್ದಳು. ಕೆಲವು ದಿನ ಡಬ್ಬಿಯನ್ನೇ ತಳ್ಳಿ ಅತ್ತಳು. ಶೇಂಗಾ ನೆಲದ ತುಂಬ ಚೆಲ್ಲಿತು. ನಾನೂ ಬೈದೆ, ಅವಳೂ ಬೈದಳು, ಊಟಕ್ಕೆ ಕೂತ ಹಮಾಲರು ಅಕ್ಕತಂಗಿಯರ ಜಗಳ ನೋಡಿ ನಗುತ್ತಾ ಶೇಂಗಾ ಆರಿಸಿಕೊಟ್ಟರು. ಮತ್ತೆ ಕೂತಳು. ಅಕ್ಕನ ತಟ್ಟೆಗೆ ನಾನು ತುತ್ತು ಮಾಡಿಕೊಡಲಿಲ್ಲ. ಅನ್ನ ಎದೆಯ ಮೇಲೆ ಚೆಲ್ಲಿದರೂ, ಸಾರು ಮೊಣಕೈಗೆ ಇಳಿದರೂ ತಾನೇ ಬಲಗೈಯಲ್ಲಿ ಉಂಡಳು. ಉಂಡು ಮುಗಿಸುವ ಹೊತ್ತಿಗೆ ಅನ್ನ ಆರಿ ತಣ್ಣಗಾಗಿರುತ್ತಿತ್ತು. ಆದರೂ ಅದು ಅವಳ ಊಟ.

ಅವಳು ಶೇಂಗಾವನ್ನು ಡಬ್ಬಿಗೆ ಬಿಡಲು ಕಲಿತ ಹೊತ್ತಿಗೆ ಒಂದು ಮಧ್ಯಾಹ್ನ ಭಾವ ಹೇಳದೆ ಕೇಳದೆ ಬಂದರು. ಬಾಗಿಲಲ್ಲಿ ನಿಂತವರಿಗೆ ಕಂಡದ್ದು ಇಷ್ಟು: ತಮ್ಮ ಹೆಂಡತಿಯ ಒಂದು ಕೈಯನ್ನು ಸೊಂಟಕ್ಕೆ ಕಟ್ಟಿಹಾಕಿದೆ, ಬಿದ್ದುಹೋದ ಇನ್ನೊಂದು ಕೈಯಿಂದ ಅವಳು ಹಮಾಲರ ನಡುವೆ ಕೂತು ಟೇಬಲ್ ಒರೆಸುತ್ತಿದ್ದಾಳೆ. ಚೀಲ ಅವರ ಕೈಯಿಂದ ಕೆಳಗೆ ಬಿತ್ತು.

"ಪುಷ್ಪಾ, ನನ್ನ ಹೆಂಡ್ತೀನ ಟೇಬಲ್ ಒರೆಸಾಕೆ ಇಟ್ಕಂಡೀಯಾ?" ಎಂದರು. "ಅದೂ ಕೈ ಕಟ್ಟಿ?"

ಉಣ್ಣುತ್ತಿದ್ದವರೆಲ್ಲ ತಲೆ ಎತ್ತಿದರು. ಇದು ವ್ಯಾಯಾಮ ಭಾವ ಎಂದೆ, ಶಿಲ್ಪ ಹೇಳಿದ್ದನ್ನೆಲ್ಲ ಹೇಳಿದೆ. ಅವರ ಕಿವಿಗೆ ಒಂದೂ ಹೋಗಲಿಲ್ಲ. ನೇರ ಬಂದು ಬಟ್ಟೆಯ ಗಂಟು ಬಿಚ್ಚಿದರು. ಕೈತೊಳೆದು, ತಟ್ಟೆ ಎಳೆದುಕೊಂಡು, ಮುದ್ದೆಯ ತುತ್ತು ಮುರಿದು ಸಾರಿನಲ್ಲಿ ಅದ್ದಿ ಅವಳ ಬಾಯಿಗೆ ಹಿಡಿದರು. ಅಕ್ಕ ಬಾಯಿ ತೆರೆಯಲಿಲ್ಲ. ತುಟಿ ಬಿಗಿಹಿಡಿದು ಕೂತಳು. ಆಮೇಲೆ ತನ್ನ ಬಲಗೈಯನ್ನು ಎಳೆದು ತಂದು, ಅವರ ಬೆರಳಿನಿಂದ ಆ ತುತ್ತನ್ನು ತೆಗೆದುಕೊಂಡಳು. ಬಾಯಿಗೆ ಒಯ್ಯುವಾಗ ಅರ್ಧ ಸೀರೆಯ ಮೇಲೆ ಬಿತ್ತು.

"ಮಗ್ಗದ ಧೂಳು ಹೊಡೆದಿಡ್ರಿ" ಎಂದಳು. "ನಾನು ಬರ್ತೀನಿ."

ಭಾವ ಅವಳ ಸೀರೆಯ ಮೇಲೆ ಬಿದ್ದ ಮುದ್ದೆಯನ್ನೇ ನೋಡುತ್ತಿದ್ದರು. ಕಣ್ಣು ತುಂಬಿತ್ತು. ಎದ್ದು ಹೊರಟರು. ನನ್ನ ಹೋಟೆಲಿಗೆ ಬಂದು ಉಣ್ಣದೆ ಎದ್ದುಹೋದವರು ಅವರೊಬ್ಬರೇ. ಹೋಗಲಿ, ಗಂಡಸಿನ ಮನಸ್ಸು, ನಾಳೆ ಸರಿಹೋಗುತ್ತದೆ ಎಂದುಕೊಂಡೆ. ಅವರು ತಂದ ಚೀಲದಲ್ಲಿ ಅವಳಿಗೆ ಇಷ್ಟವಾದ ಶೇಂಗಾ ಹೋಳಿಗೆಗಳಿದ್ದವು, ಯಾರ ಕೈಯಲ್ಲಿ ಮಾಡಿಸಿದ್ದರೋ.

ಬೇಸಿಗೆ ಕಾಲಿಡುವ ಹೊತ್ತಿಗೆ ಅಕ್ಕನ ಬೆರಳುಗಳು ಬಾಟಲಿ ಹಿಡಿದವು, ಬಾಗಿಲ ಚಿಲಕ ತೆಗೆದವು, ಹೆಬ್ಬೆರಳು ಮಾತ್ರ ಇನ್ನೂ ಹಟ ಮಾಡುತ್ತಿತ್ತು. ನಾನು ಯಾರನ್ನೋ ಕಾಡಿ ಒಂದು ಹಳೆಯ ಲಾಳಿ ತಂದುಕೊಟ್ಟೆ. ಟೇಬಲ್ಲಿನ ಮೇಲೆ ಅದನ್ನು ತಳ್ಳಿದಳು. ಅಡ್ಡಾದಿಡ್ಡಿ ಹೋಗಿ ಸಾರಿನ ಪಾತ್ರೆಗೆ ಬಡಿಯಿತು. ಅಕ್ಕ ನಕ್ಕಳು. ಲಕ್ವ ಹೊಡೆದ ಮೇಲೆ ಅವಳು ಬಾಯಿತುಂಬ ನಕ್ಕದ್ದು ಅದೇ ಮೊದಲು. ಮನೆಗೆ ಹೋಗೋಣ, ಮಗ್ಗದ ಮೇಲೆ ನೋಡೋಣ ಎಂದಳು. ಶಿಲ್ಪ ಒಪ್ಪಿದಳು, ಅಲ್ಲಿ ದಿನಾ ಏನೇನು ಮಾಡಬೇಕು ಎಂದು ಅಕ್ಕನ ಬಾಯಿಂದಲೇ ಹೇಳಿಸಿ ಕಳಿಸಿದಳು.

ನಾವು ಬರುವ ಸುದ್ದಿ ಮೊದಲೇ ಹೋಗಿತ್ತು. ಓಬಳಪ್ಪನವರು ಬಾಗಿಲಲ್ಲಿ ನಗುತ್ತಾ ನಿಂತಿದ್ದರು. ಮಗ್ಗದ ಕೋಣೆಯನ್ನು ಸಾರಿಸಿ ರಂಗೋಲಿ ಹಾಕಿದ್ದರು. ಒಳಗೆ ಮಗ್ಗವಿರಲಿಲ್ಲ. ಅದರ ಕಂಬಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ಗುಂಡಿ ಇದ್ದ ಜಾಗದಲ್ಲಿ ಮಣ್ಣು ತುಂಬಿ, ಬಡಿದು ಗಟ್ಟಿ ಮಾಡಿ, ಮೇಲೆ ಹೊಸ ಮಂಚ ಹಾಕಿ, ಹೊಸ ಹಾಸಿಗೆ ಹಾಸಿ, ಹೂವಿನ ಚಿತ್ರದ ಹೊದಿಕೆ ಹೊದಿಸಿದ್ದರು. ಭಾವ ಪಕ್ಕದಲ್ಲಿ ನಿಂತು ಅವಳ ಮುಖವನ್ನೇ ನೋಡುತ್ತಿದ್ದರು, ಮೆಚ್ಚುತ್ತಾಳೆ ಎಂದು.

ಗುಂಡಿಯ ಶೀತ ಕಾಲಿನಿಂದ ಏರಿ ಕೈಗೆ ಹೊಡೆದದ್ದು ಎಂದು ಓಬಳಪ್ಪನವರು ಲೆಕ್ಕ ಹಾಕಿದ್ದರು. ಮತ್ತೆ ಇಳಿದರೆ ಈ ಸಲ ಜೀವಕ್ಕೇ ಬರುತ್ತದೆ ಎಂದು ತಮ್ಮನಿಗೆ ಹೆದರಿಕೆ ಹುಟ್ಟಿಸಿದ್ದರು. ನನ್ನ ಹೋಟೆಲಿನಿಂದ ಉಣ್ಣದೆ ಬಂದವರು, ನಾನು ಬರ್ತೀನಿ ಎಂಬ ಅವಳ ಮಾತಿಗೆ ಹೆದರಿ, ಮಾರನೆಯ ದಿನವೇ ಗುಂಡಿ ಮುಚ್ಚಿದ್ದರು. ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ನೆಗಡಿ ಬಂತು ಎಂದು ಮೂಗನ್ನೇ ಕೊಯ್ಯುತ್ತಾರಾ ಎಂದೆ. ಅವಳನ್ನು ಒಂದು ಮಾತು ಕೇಳಲು ನಿಮ್ಮ ನಾಲಿಗೆಗೂ ಲಕ್ವ ಹೊಡೆದಿತ್ತಾ ಎಂದೆ. ಮಂಚದ ಮೇಲೆ ಹೆಣ ಮಲಗಿಸುವ ಹಾಗೆ ಹಾಸಿಗೆ ಹಾಸಿದ್ದೀರಲ್ಲ, ಅವಳು ಬದುಕಿದ್ದಾಳೆ, ಕಣ್ಣು ಕಾಣುತ್ತದಾ ಎಂದೆ. ಓಬಳಪ್ಪನವರು ಹೆಗಲ ಮೇಲಿನ ಟವೆಲ್ ಕೊಡವಿಕೊಂಡು ಎದ್ದುಹೋದರು. ಕೇರಿಯವರು ಕಿಟಕಿಗೆ ಬಂದರು. ಬರಲಿ, ಕೇಳಲಿ ಎಂದು ಇನ್ನೂ ಗಟ್ಟಿಯಾಗಿ ಅಂದೆ.

ಭಾವ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು. ಆಮೇಲೆ ನನಗಲ್ಲ, ಅವಳಿಗೆ ಹೇಳಿದರು.

"ಆ ದಿನ ನೀನು ಗುಂಡಿಯೊಳಗೆ ವಾಲಿದ್ದು ನನ್ನ ಕಣ್ಣಿಂದ ಹೋಗ್ತಿಲ್ಲ. ನನ್ನ ಕೈಯಾರೆ ತೋಡಿದ ಗುಂಡಿ ಅದು."

ಅಕ್ಕ ಅಳಲಿಲ್ಲ, ಕೂಗಲಿಲ್ಲ. ಮಂಚ ಸರಿಸಿ ಎಂದಳು. ಸರಿಸಿದರು. ಹಾರೆ ತಂದು ಮಣ್ಣು ಸಡಿಲಿಸಿ ಎಂದಳು. ಭಾವ ನನ್ನ ಮುಖ ನೋಡಿದರು, ನಾನು ಬೇರೆ ಕಡೆ ನೋಡಿದೆ. ಹಾರೆ ಬಂತು. ರಂಗೋಲಿಯ ಮೇಲೆಯೇ ಹಾರೆ ಬಿತ್ತು. ಅಕ್ಕ ಗೋಡೆ ಹಿಡಿದುಕೊಂಡು ಕೆಳಗೆ ಕೂತು, ಬ್ಲೌಸಿಗೆ ಸಿಕ್ಕಿಸಿಕೊಂಡಿದ್ದ ಆ ಮೆತ್ತನೆ ಬಟ್ಟೆಯನ್ನು ತೆಗೆದು ಗಂಡನ ಮುಂದೆ ಹಿಡಿದಳು.

"ಅವತ್ತು ಬಿಚ್ಚಿದೋರು ನೀವೇ. ಇವತ್ತು ನೀವೇ ಕಟ್ಟ್ರಿ."

ಅವಳ ಎಡಗೈಗೆ ಭಾವ ಕಟ್ಟಿದ ಗಂಟು ಸಡಿಲವಾಯಿತು, ಬಿಚ್ಚಿ ಇನ್ನೊಮ್ಮೆ ಕಟ್ಟಿದರು. ಅಕ್ಕ ಬಲಗೈಯಿಂದ ಮಣ್ಣು ಹಿಡಿದಳು. ಹಿಡಿದದ್ದರಲ್ಲಿ ಅರ್ಧ ಬೆರಳ ಸಂದಿಯಿಂದ ಸುರಿದುಹೋಯಿತು, ಉಳಿದದ್ದನ್ನು ಬುಟ್ಟಿಗೆ ಬಿಟ್ಟಳು. ಮತ್ತೆ ಹಿಡಿದಳು. ಭಾವ ನೋಡಲಾರದೆ ತಾವೂ ಮಣ್ಣಿಗೆ ಕೈಹಾಕಿದಾಗ, ಮುಟ್ಟಬೇಡಿ, ಬುಟ್ಟಿ ಹೊರಗೆ ಸುರಿದು ಬನ್ನಿ ಸಾಕು ಎಂದಳು. ಅಂದಿನಿಂದ ದಿನವೂ ಅವಳು ದಣಿಯುವವರೆಗೆ ಅವಳದು ಮಣ್ಣು, ಅವರದು ಬುಟ್ಟಿ.

ನೋಡಲು ಬರುವವರು ಈಗಲೂ ಬರುತ್ತಾರೆ. ಎಂಥಾ ಗತಿ ಬಂತು ಎರ್ರಮ್ಮನಿಗೆ, ಈ ವಯಸ್ಸಲ್ಲಿ ಮಣ್ಣು ಹೊರಿಸ್ತಾರಲ್ಲ ಎಂದು ಈಗ ಭಾವನಿಗೆ ಬೈಯುತ್ತಾರೆ. ತುತ್ತು ಮಾಡಿ ತಿನ್ನಿಸುತ್ತಾರೆ ಎಂದು ಮೊದಲು ಅವರನ್ನೇ ಹೊಗಳಿದ ಬಾಯಿಗಳೇ. ಆ ಬಾಯಿಗಳಿಗೂ ಯಾರಾದರೂ ಒಂದಿಷ್ಟು ವ್ಯಾಯಾಮ ಹೇಳಿಕೊಟ್ಟಿದ್ದರೆ ಚೆನ್ನಾಗಿತ್ತು.

ಹೋದ ಅಮಾವಾಸ್ಯೆಗೆ ನಾನು ಹೋಟೆಲ್ ಮುಚ್ಚಿ ಹೋಗಿದ್ದೆ. ಮಣ್ಣೆಲ್ಲ ಹೊರಗೆ ಹೋಗಿತ್ತು. ಗುಂಡಿಯ ಅಂಚಿನಲ್ಲಿ ಅಕ್ಕ ಕೂತು ಎರಡೂ ಕಾಲು ಇಳಿಬಿಟ್ಟಳು. ಅಂಗಾಲು ಸರಿಯಾಗಿ ತಳಕ್ಕೆ ಮುಟ್ಟಿತು, ಮೊಣಕಾಲು ಸರಿಯಾಗಿ ಅಂಚಿಗೆ ಬಂತು. ನನಗೆ ತಡೆಯಲಾಗಲಿಲ್ಲ, ಇನ್ನೇನು ನೋಡುತ್ತೀರಿ ಭಾವ, ಮಗ್ಗ ಹೂಡಿ ಎಂದೆ. ಅವರು ಮಂಡಿಯೂರಿ ಕೂತು, ಗುಂಡಿಯೊಳಗೆ ಕೈ ಇಳಿಸಿ ಅಳೆದರು.

"ಇಲ್ಲ" ಎಂದರು. "ಇನ್ನೊಂದು ಗೇಣು ಬೇಕು."

ನನಗೆ ಸಿಟ್ಟು ಉಕ್ಕಿ ಬಂತು. ತಮ್ಮ ಕೈಯಾರೆ ನೂಲು ಹಿಡಿದು ಅಳೆದು ತೋಡಿದ ಗುಂಡಿಯ ಅಳತೆ ಇವರಿಗೆ ತಪ್ಪುವುದುಂಟೇ? ಮತ್ತೆ ಅಡ್ಡಗಾಲು ಹಾಕಲು ಹೊರಟಿದ್ದಾರೆ ಎಂದು ಬಾಯಿ ತೆರೆದೆ. ಆಗ ನೋಡಿದರೆ ಅವರ ಕಣ್ಣು ಗುಂಡಿಯ ಕಡೆ ಇರಲೇ ಇಲ್ಲ. ಅವಳ ಬಲಗೈಯ ಹೆಬ್ಬೆರಳಿನ ಮೇಲಿತ್ತು. ಅದೊಂದು ಇನ್ನೂ ಪೂರ್ತಿ ಬಿಚ್ಚುತ್ತಿರಲಿಲ್ಲ, ಅದಕ್ಕಿನ್ನೂ ಮಣ್ಣಿನ ಕೆಲಸ ಬೇಕಿತ್ತು. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡೆ.

ಅಳತೆ ಅಕ್ಕನಿಗೂ ಗೊತ್ತು. ಗಂಡನ ಮುಖ ನೋಡಿದಳು. ಆಮೇಲೆ ಕಾಲು ಮೇಲೆತ್ತಿಕೊಂಡು, ಎಡಗೈಯನ್ನು ಅವರ ಮುಂದೆ ಚಾಚಿದಳು.

"ಕಟ್ಟ್ರಿ" ಎಂದಳು.